ಫಲಶ್ರುತಿಯ ನಾಯಿಗಳು

ಪೇಪರ್‌ನಲ್ಲಿ 'ಫಲಶ್ರುತಿ' ಅಂತ ಒಂದು ಬಾಕ್ಸ್ ಬರುತ್ತದೆ, ನೀವು ನೋಡಿರಬಹುದು. ರಸ್ತೆ ಹೊಂಡ, ಉರಿಯದ ಬೀದಿದೀಪ, ಚರಂಡಿ, ಹೀಗೆ ಏನಾದರೂ ಒಂದು ಸಮಸ್ಯೆಯನ್ನು ನಾವು ಬರೆಯುತ್ತೇವೆ. ನಾಲ್ಕು ದಿನದಲ್ಲಿ ಅದು ಸರಿಯಾದರೆ, ಸರಿಯಾದ ಫೋಟೋ ಹಾಕಿ ಮತ್ತೊಮ್ಮೆ ಬರೆಯುತ್ತೇವೆ. ನನ್ನಂತಹ ತಾಲೂಕು ಮಟ್ಟದ ವರದಿಗಾರನಿಗೆ ತಿಂಗಳಿಗೆ ಸಿಗುವ ದುಡ್ಡು ಬೈಕಿನ ಪೆಟ್ರೋಲಿಗೆ ಸಾಕಾಗುವುದಿಲ್ಲ. ಆದರೆ ಒಂದು ಫಲಶ್ರುತಿ ಬಂದರೆ ಆ ವಾರವೆಲ್ಲ ಎದೆ ಉಬ್ಬಿರುತ್ತದೆ.

ಅಂಥ ಒಂದು ಫಲಶ್ರುತಿಯ ಕತೆ ಇದು.

ಮೂರು ವರ್ಷದ ಹಿಂದೆ ನಮ್ಮ ಕಡೆಯ ಒಂದು ಪೇಟೆಯ ಬಸ್ ನಿಲ್ದಾಣದಲ್ಲಿ ನಾಯಿ ಕಾಟ ವಿಪರೀತವಾಗಿತ್ತು. ಊರಿನ ಹೆಸರು ಬೇಡ. ಬೆಳಿಗ್ಗೆ ಶಾಲೆ ಮಕ್ಕಳು ಬಸ್ಸಿಗೆ ನಿಲ್ಲುವ ಹೊತ್ತಿಗೆ ಹತ್ತು ಹನ್ನೆರಡು ನಾಯಿಗಳು ಅಲ್ಲೇ ಮಲಗಿರುತ್ತಿದ್ದವು, ಹೆಣ್ಣು ನಾಯಿ ಬೆದೆಗೆ ಬಂದಾಗ ಕಚ್ಚಾಟ ಬೇರೆ. ನನ್ನ ತಂಗಿಯ ಮಗಳಿಗೆ ಅಲ್ಲೇ ಕಚ್ಚಿತು. ಮೂರನೇ ಕ್ಲಾಸಿನ ಹುಡುಗಿ. ಸರಕಾರಿ ಆಸ್ಪತ್ರೆಗೆ ಮೊದಲ ದಿನ, ಮೂರನೇ ದಿನ, ಏಳನೇ ದಿನ, ಮತ್ತೆ 28ನೇ ದಿನ ಇಂಜೆಕ್ಷನ್ನಿಗೆ ನಾನೇ ಕರೆದುಕೊಂಡು ಹೋದೆ. ಹುಚ್ಚು ಹಿಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಗೊತ್ತಿದ್ದ ತಂಗಿ ಆ ತಿಂಗಳಿಡೀ ಸರಿಯಾಗಿ ಮಲಗಲಿಲ್ಲ. ಹಾಗಾಗಿ ನಾನು ಸಿಟ್ಟಿನಲ್ಲೇ ಬರೆದೆ. ಮೂರು ಕಾಲಂ, ಫೋಟೋ ಸಮೇತ. ಫೋಟೋದ ಮಧ್ಯದಲ್ಲಿ ಒಂದು ಕಿವಿ ಅರ್ಧ ಹರಿದ ಕಂದು ಬಣ್ಣದ ಹೆಣ್ಣು ನಾಯಿ ಕ್ಯಾಮರಾವನ್ನೇ ನೋಡುತ್ತಿತ್ತು.

ಒಂದು ವಾರದಲ್ಲಿ ಬಸ್ ನಿಲ್ದಾಣ ಖಾಲಿ. ಒಂದೇ ಒಂದು ನಾಯಿ ಇಲ್ಲ. ಫಲಶ್ರುತಿ ಬಂತು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹೂಗುಚ್ಛದ ಚಿತ್ರಗಳು ಬಂದವು. ನಾಯಿಗಳು ಎಲ್ಲಿ ಹೋದವು ಎಂದು ಒಬ್ಬರೂ ಕೇಳಲಿಲ್ಲ. ಯಾರು, ಏನು, ಎಲ್ಲಿ, ಯಾವಾಗ ಎಂದು ಡಿಪ್ಲೊಮಾದಲ್ಲಿ ಮೊದಲ ವಾರವೇ ಕಲಿತಿದ್ದ ನಾನೂ ಕೇಳಲಿಲ್ಲ.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟಿನ ಆದೇಶ ಬಂತಲ್ಲ, ಅಲ್ಲಿಂದ ಮತ್ತೆ ಇದು ಶುರುವಾಯಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ, ಇಂಥ ಕಡೆಯ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮತ್ತು ಲಸಿಕೆ ಮಾಡಿಸಿ ಆಶ್ರಯ ಕೇಂದ್ರದಲ್ಲಿ ಇಡಬೇಕು, ಹಿಡಿದ ಜಾಗಕ್ಕೇ ವಾಪಸ್ ಬಿಡಬಾರದು ಎಂದು ಕೋರ್ಟ್ ಹೇಳಿತು. ಅದಕ್ಕೂ ಮೊದಲು, ಆಗಸ್ಟ್ 11ರಂದು, ದೆಹಲಿ ಸುತ್ತಿನ ಎಲ್ಲ ಬೀದಿನಾಯಿಗಳನ್ನೂ ಕೂಡಿ ಹಾಕಿ ಎಂದಿತ್ತು. ಆಗಸ್ಟ್ 22ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಹುಚ್ಚು ಹಿಡಿದವು ಮತ್ತು ಮೈಮೇಲೆ ಬೀಳುವಂಥವನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ ಮಾಡಿ ಅಲ್ಲೇ ಬಿಡಿ ಎಂದಿತು. ನವೆಂಬರಿನ ಆದೇಶ ಶಾಲೆ, ಆಸ್ಪತ್ರೆಗಳಿಗೆ ಬೇರೆ ನಿಯಮ ಮಾಡಿತು.

ಡೆಸ್ಕಿನಿಂದ ಫೋನ್ ಬಂತು. "ನಿಮ್ಮ ತಾಲೂಕಿನಲ್ಲಿ ನಾಯಿ ಇಡಲಿಕ್ಕೆ ಎಲ್ಲಿ ಜಾಗ ಉಂಟು? ಒಂದು ಸ್ಟೋರಿ ಮಾಡಿ."

ಕಡಬ ಎಂದರೆ ಎಂಥ ತಾಲೂಕು ಎಂದು ನಿಮಗೆ ಹೇಳಬೇಕಾಗಿಲ್ಲ. ಪುತ್ತೂರು, ಸುಳ್ಯದಿಂದ ಗ್ರಾಮಗಳನ್ನು ತೆಗೆದು ಮಾಡಿದ ಹೊಸ ತಾಲೂಕು. ಕುಕ್ಕೆ ಸುಬ್ರಹ್ಮಣ್ಯ ನಮ್ಮಲ್ಲೇ, ನೆಟ್ಟಣದ ರೈಲು ನಿಲ್ದಾಣ ನಮ್ಮಲ್ಲೇ. ಯಾತ್ರಿಕರು ಬಂದಲ್ಲಿ ಬಿಸ್ಕತ್ತು, ಬಿಸ್ಕತ್ತು ಇದ್ದಲ್ಲಿ ನಾಯಿ. ನಾನು ಹುಡುಕುತ್ತಾ ಹೋದೆ. ಕೊನೆಗೆ ಒಬ್ಬ ಪಿಕಪ್ ಚಾಲಕ ಹೇಳಿದ, "ಒಬ್ಬರು ಅಕ್ಕ ಇದ್ದಾರೆ, ಹಳೇ ಕೋಳಿ ಫಾರಂನಲ್ಲಿ ಸಾಕ್ತಾರೆ. ನಾವೇ ಒಮ್ಮೆ ಬಿಟ್ಟು ಬಂದಿದ್ದೇವಲ್ಲ."

ರಬ್ಬರ್ ತೋಟದ ನಡುವೆ ಮಣ್ಣು ರಸ್ತೆ. ಶೆಡ್ ಕಾಣುವ ಮೊದಲೇ ವಾಸನೆ ಬಂತು, ಆಮೇಲೆ ಬೊಗಳುವ ಸದ್ದು. ಅಕ್ಕನಿಗೆ ಐವತ್ತರ ಮೇಲಿರಬಹುದು. ಸೊಸೈಟಿಗೆ ಹಾಲು ಹಾಕಿ ಜೀವನ. ಬಸ್ಸಿನಡಿಗೆ ಬಿದ್ದ ಒಂದು ನಾಯಿಯನ್ನು ತಂದು ಸಾಕಿದ್ದೇ ಶುರು. ಸುದ್ದಿ ಹಬ್ಬಿತು. ರಾತ್ರಿ ಯಾರೋ ಗೇಟಿನ ಬುಡದಲ್ಲಿ ಗೋಣಿ ಇಟ್ಟು ಹೋಗುವುದು, ಬೆಳಿಗ್ಗೆ ನೋಡಿದರೆ ಒಳಗೆ ಐದು ಮರಿ. ಐದೂ ಹೆಣ್ಣು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಬೇಡಿ. ನಮ್ಮಲ್ಲಿ ಅಡಿಕೆ ತೋಟ ಇದ್ದವರಿಗೆಲ್ಲ ನಾಯಿ ಬೇಕು. ಮಂಗ ಓಡಿಸಲಿಕ್ಕೆ, ಹಂದಿ ಬಂದರೆ ಗೊತ್ತಾಗಲಿಕ್ಕೆ. ಆದರೆ ಗಂಡೇ ಬೇಕು. ಹೆಣ್ಣು ಮರಿ ಪೇಟೆ ಬದಿಗೆ ಹೋಗುತ್ತದೆ. ಪೇಟೆಯಲ್ಲಿ ನಾಯಿ ಜಾಸ್ತಿ ಆಯಿತೆಂದು ಬೈಯುವವರಲ್ಲಿ ಎಷ್ಟು ಜನರ ಮನೆಯ ಗೋಣಿ ಅಲ್ಲಿಗೆ ಹೋಗಿದೆ ಎಂದು ಅವರವರೇ ಲೆಕ್ಕ ಹಾಕಲಿ. ನಮ್ಮ ಮನೆಯಿಂದಲೂ ಹೋಗಿದೆ. ನಾನು ಚಿಕ್ಕವನಿದ್ದಾಗ ಗೋಣಿ ಹಿಡಿದುಕೊಂಡು ಅಪ್ಪನ ಸೈಕಲಿನ ಹಿಂದೆ ಕೂತಿದ್ದೆ.

ಶೆಡ್ಡಿನ ಒಳಗೆ 37 ನಾಯಿ ಇದ್ದವು. ನೆಲ ಒದ್ದೆ. ಕಜ್ಜಿ ಹಿಡಿದು ರೋಮ ಉದುರಿದವು ಎಂಟೋ ಒಂಬತ್ತೋ. ಒಂದು ಗಂಡು ನಾಯಿಯನ್ನು ಕಂಬಕ್ಕೆ ಗಿಡ್ಡ ಸರಪಳಿಯಲ್ಲಿ ಕಟ್ಟಿ ಹಾಕಿ, ಕುತ್ತಿಗೆಯಲ್ಲಿ ಗಾಯವಾಗಿತ್ತು. ಗಂಡು ಹೆಣ್ಣು ಒಟ್ಟಿಗೆ, ಯಾವುದಕ್ಕೂ ಆಪರೇಶನ್ ಆಗಿಲ್ಲ, ಹಾಗಾಗಿ ಶೆಡ್ಡಿನೊಳಗೇ ಮರಿಗಳು. ಮೂಲೆಯಲ್ಲಿ ಒಂದು ಮರಿ ರಕ್ತ ಭೇದಿಯಲ್ಲಿ ಮಲಗಿತ್ತು. ಪಾರ್ವೋ. ಹೊಸದಾಗಿ ಬಂದ ನಾಯಿಯನ್ನು ಎರಡು ವಾರವಾದರೂ ಬೇರೆ ಇಡದಿದ್ದರೆ, ನೆಲವನ್ನು ಬ್ಲೀಚಿಂಗ್ ಹಾಕಿ ತೊಳೆಯದಿದ್ದರೆ ಆ ರೋಗ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ, ಬಂದ ಮರಿಯನ್ನೆಲ್ಲ ತೆಗೆಯುತ್ತದೆ.

ಅಕ್ಕ ಕೆಟ್ಟವರಲ್ಲ ಮಾರಾಯ್ರೆ. ದೊಡ್ಡ ಹಂಡೆಯಲ್ಲಿ ರೇಷನ್ ಬೆಳ್ತಿಗೆ ಅಕ್ಕಿಯ ಜೊತೆ ಕೋಳಿ ಅಂಗಡಿಯ ತಲೆ ಕಾಲು ಬೇಯುತ್ತಿತ್ತು. ಅವರ ಕೈಯಲ್ಲೇ ಕಚ್ಚಿದ ಗುರುತು ಮೂರು. "ಒಬ್ಬಳೇ ಎಷ್ಟು ಅಂತ ತೊಳೀಲಿ ನಾನು? ನೀರು ಬೇಸಗೆಯಲ್ಲಿ ಮನೆಗೇ ಇಲ್ಲ" ಎಂದರು.

ಹೊರಡುವಾಗ ಗೇಟಿನ ಹತ್ತಿರ ಒಂದು ನಾಯಿ ಬಂದು ನಿಂತಿತು. ಕಂದು ಬಣ್ಣ. ಒಂದು ಕಿವಿ ಅರ್ಧ ಇಲ್ಲ.

"ಅದು ಬಸ್‌ಸ್ಟ್ಯಾಂಡಿನದ್ದು" ಅಂದರು ಅಕ್ಕ. "ಪೇಪರ್‌ನಲ್ಲಿ ಏನೋ ಬಂತಂತೆ. ಪಂಚಾಯತಿನವರು ಹನ್ನೊಂದು ತಂದು ಬಿಟ್ಟರು. ತಿಂಗಳು ತಿಂಗಳು ಅಕ್ಕಿ ಕೊಡ್ತೇವೆ ಅಂದರು. ಎರಡು ತಿಂಗಳು ಕೊಟ್ಟರು. ಈಗ ಮೂರು ಉಳಿದಿದೆ."

ಪೇಪರ್‌ನಲ್ಲಿ ಬರೆದದ್ದು ನಾನೇ ಎಂದು ಆ ದಿನ ನಾನು ಹೇಳಲಿಲ್ಲ.

ಆಮೇಲೆ ಒಂದು ವಾರ ಕಚೇರಿ ಸುತ್ತಿದೆ. ಕೇಳಿದ್ದು ಒಂದೇ ಪ್ರಶ್ನೆ, ಈ ಶೆಡ್ ನೋಡುವ ಜವಾಬ್ದಾರಿ ಯಾರದ್ದು? ಪಂಚಾಯತ್‌ನಲ್ಲಿ, ಅದು ಖಾಸಗಿ ಜಾಗ. ಪಶು ಆಸ್ಪತ್ರೆಯಲ್ಲಿ, ನಮ್ಮದು ದನಕರು, ಡಾಕ್ಟ್ರು ಮೂರು ಕಡೆ ಚಾರ್ಜ್. ಠಾಣೆಯಲ್ಲಿ, ದೂರು ಕೊಟ್ಟರೆ ನೋಡುವ. ತಾಲೂಕು ಕಚೇರಿಯಲ್ಲಿ, ಜಿಲ್ಲೆಗೆ ಬರೆಯಿರಿ. ಇದರಲ್ಲಿ ಹೊಸತೇನೂ ಇಲ್ಲ, ನೀವೂ ಪಹಣಿಗೋ ಪಿಂಚಣಿಗೋ ಹೀಗೇ ಸುತ್ತಿದ್ದೀರಿ. ಅಕ್ಕ ಹೇಳಿದ ಒಂದು ವಿಷಯ ಮಾತ್ರ ನೆನಪಾಗುತ್ತಿತ್ತು. ಅದೇ ಶೆಡ್ಡಿನಲ್ಲಿ ಕೋಳಿ ಸಾಕಲು ಅವರ ಗಂಡ ಪಂಚಾಯತಿನಿಂದ ನಿರಾಕ್ಷೇಪಣಾ ಪತ್ರ ತಂದಿದ್ದರಂತೆ. ನಾಯಿಗೆ ಯಾರೂ ಏನೂ ಕೇಳಲಿಲ್ಲ.

ಕಾನೂನು ಇಲ್ಲ ಎಂದಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅದರ 11ನೇ ಸೆಕ್ಷನ್ ಓದಿದರೆ ಆ ಶೆಡ್ ನೋಡಿಯೇ ಬರೆದ ಹಾಗಿದೆ. ಅಲುಗಾಡಲು ಜಾಗ ಇಲ್ಲದ ಗೂಡಿನಲ್ಲಿ ಇಡುವುದು ತಪ್ಪು, ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು ತಪ್ಪು, ಯಾವಾಗಲೂ ಕಟ್ಟಿಹಾಕಿದ ನಾಯಿಯನ್ನು ನಡೆದಾಡಿಸದೆ ಇರುವುದೂ ತಪ್ಪು. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅರುವತ್ತು ವರ್ಷ ದಾಟಿದರೂ ಅಷ್ಟೇ. ಒಂದು ಪ್ಲೇಟ್ ಗೋಳಿಬಜೆ, ಚಾ ಕುಡಿದರೆ ಮುಗಿಯಿತು.

2023ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ನು ಹೊಸದಾಗಿ ತಂದಿತು. ಬೀದಿನಾಯಿಗಳ ಸಂತಾನಹರಣ, ಲಸಿಕೆ ಸ್ಥಳೀಯ ಸಂಸ್ಥೆಯ ಜವಾಬ್ದಾರಿ ಎಂದು ಅದು ಹೇಳುತ್ತದೆ. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇದ್ದ ಸಂಸ್ಥೆಯೇ ಆಪರೇಶನ್ ಮಾಡಬೇಕು, ಆದ ಮೇಲೆ ಕಡಿಮೆ ಎಂದರೆ ನಾಲ್ಕು ದಿನ ಆರೈಕೆ, ಗುರುತಿಗೆ ಕಿವಿಯಲ್ಲಿ ಸಣ್ಣ ಕಚ್ಚು, ಕೆಲಸ ನೋಡಲಿಕ್ಕೆ ಸ್ಥಳೀಯ ಉಸ್ತುವಾರಿ ಸಮಿತಿ. ಮಂಗಳೂರಿನಲ್ಲಿ ಶಕ್ತಿನಗರದ ಆ್ಯನಿಮಲ್ ಕೇರ್ ಟ್ರಸ್ಟ್‌ನಂಥ ಸಂಸ್ಥೆ ಈ ಕೆಲಸ ಮಾಡಿಕೊಂಡು ಬಂದಿದೆ. ಆದರೆ ನಗರದಲ್ಲಿ ಟ್ರಸ್ಟ್ ಇದ್ದರೆ ನಮ್ಮಲ್ಲಿ ಇರುವುದು ಒಬ್ಬ ಅಕ್ಕ. ಒಂದು ನಾಯಿಯನ್ನು ಆಪರೇಶನ್ನಿಗೆ ಮಂಗಳೂರಿಗೆ ಕೊಂಡುಹೋಗುವ ಬಾಡಿಗೆಯಲ್ಲಿ ಅವರ ಹಂಡೆ ವಾರ ಬೇಯುತ್ತದೆ.

ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರಬೇಕು, ಗಾಯಗೊಂಡ ಪ್ರಾಣಿಗಳಿಗೆ ಆಶ್ರಯ, ಚಿಕಿತ್ಸೆ ಕೊಡಬೇಕು ಎಂದು 2001ರ ನಿಯಮವೂ ಇದೆ. ಅದೆಲ್ಲ ಶೆಡ್ಡಿನ ಗೇಟಿನ ತನಕ ಬಂದದ್ದು ನಾನು ನೋಡಿಲ್ಲ.

ಇದನ್ನು ಓದುವಾಗ ಅಜ್ಜ ಹೇಳುತ್ತಿದ್ದ ದನದ ದೊಡ್ಡಿ ನೆನಪಾಯಿತು. ಗದ್ದೆಗೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆಯುತ್ತಿದ್ದರು, ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕಿತ್ತು. ಬ್ರಿಟಿಷರ 1871ರ ಕಾಯ್ದೆ ಅದು. ದೊಡ್ಡಿ ನೋಡುವವನು ದನ ಬಂದ ದಿನ, ಹೊತ್ತು, ತಂದವರ ಹೆಸರು ರಿಜಿಸ್ಟರಿನಲ್ಲಿ ಬರೆಯಬೇಕು, ನೀರು ಮೇವು ಕೊಡಬೇಕು ಎಂದು ಅದರಲ್ಲೇ ಇದೆ. ಅವರ ದೇಶದಲ್ಲೂ ಹಾಗೇ. ಬ್ರಿಟನ್ನಿನಲ್ಲಿ ಬೀದಿಯಲ್ಲಿ ಸಿಕ್ಕಿದ ನಾಯಿಯನ್ನು ಕೌನ್ಸಿಲಿನವರು ಏಳು ದಿನ ಇಟ್ಟುಕೊಳ್ಳಬೇಕು, ಅದರ ರಿಜಿಸ್ಟರನ್ನು ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ಅಲ್ಲಿಯೂ ಎಲ್ಲ ಸರಿ ಇದೆ ಎಂದು ತಿಳಿಯಬೇಡಿ. ಅನಾಥ ನಾಯಿ ಇಡುವ ಖಾಸಗಿ ಕೇಂದ್ರಗಳಿಗೆ ಲೈಸೆನ್ಸ್ ಬೇಕೆಂದು ಸ್ಕಾಟ್ಲೆಂಡ್ ಮಾಡಿದ್ದೇ 2021ರಲ್ಲಿ.

ನಮ್ಮ ಅಕ್ಕನ ಹತ್ತಿರ ರಿಜಿಸ್ಟರ್ ಇಲ್ಲ. ಹನ್ನೊಂದರಲ್ಲಿ ಎಂಟು ಯಾವಾಗ ಸತ್ತವು ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ.

ನನಗೆ ನಿದ್ದೆ ಕೆಡಿಸಿದ್ದು ಬರೆಯುವುದೋ ಬೇಡವೋ ಎಂಬ ಪ್ರಶ್ನೆ. ಫೋಟೋ ಇತ್ತು, ಹೆಡ್ಡಿಂಗ್ ಸಹ ತಲೆಯಲ್ಲಿತ್ತು. ಬಂದರೆ ಮೊದಲ ಪುಟವೇ. ಮರುದಿನ ಅಧಿಕಾರಿಗಳು ಬಂದು ಶೆಡ್ಡಿಗೆ ಬೀಗ ಹಾಕುತ್ತಾರೆ. ಆಮೇಲೆ? 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲೂಕಿನ ಕಂಬದಾಳು ಹೊಸೂರು ಪಂಚಾಯತ್ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಹೂತದ್ದು ಬೆಳಕಿಗೆ ಬಂದಿತ್ತು. ಅದೂ 'ನಾಯಿ ಕಾಟ'ದ ಪರಿಹಾರವೇ. ಪೇಟೆ ಖಾಲಿಯಾದರೆ ಸಾಕು ಎಂದು ನಾವೆಲ್ಲ ಸುಮ್ಮನಿದ್ದರೆ, ಖಾಲಿ ಮಾಡುವವರಿಗೆ ಅದೇ ಸುಲಭ.

ಎರಡನೇ ಸಲ ಹೋದಾಗ ಅಕ್ಕನಿಗೆ ಹೇಳಿದೆ, "ಅಕ್ಕ, ಆ ಸುದ್ದಿ ಬರೆದದ್ದು ನಾನೇ."

ಅವರು ಸಿಟ್ಟು ಮಾಡಲಿಲ್ಲ. ಬಕೆಟ್ ಕೈಗೆ ಕೊಟ್ಟರು. "ಹಾಗಾದರೆ ಸ್ವಲ್ಪ ನೀರು ಹಾಕು." ತೊಳೆದು ಮುಗಿದ ಮೇಲೆ ಹೇಳಿದರು, "ಈಗಲೂ ಬೇಕಾದರೆ ಬರಿ. ನನ್ನ ಹೆಸರು ಹಾಕಬೇಡ. ಹಾಕಿದರೆ ಬೀಗ ಬೀಳುವುದಕ್ಕಿಂತ ಮೊದಲು ಇನ್ನೂ ಹತ್ತು ಗೋಣಿ ಬಂದು ಬೀಳ್ತದೆ."

ಡೆಸ್ಕಿಗೆ ಶೆಡ್ಡಿನ ಸುದ್ದಿ ಕೊಡಲಿಲ್ಲ. ತಾಲೂಕಿನಲ್ಲಿ ಅಂಥ ಸರಕಾರಿ ಜಾಗ ಕಾಣಲಿಲ್ಲ ಎಂದು ಹತ್ತು ಸಾಲು ಕೊಟ್ಟೆ. ಸಣ್ಣದಾಗಿ ಬಂತು. ಅದು ಸರಿಯೋ ತಪ್ಪೋ ಎಂದು ನನ್ನ ಜೊತೆ ಓದಿದ ಗೆಳೆಯರು ಜಗಳ ಮಾಡಿದ್ದಾರೆ. ವರದಿಗಾರ ನೀರು ಹಾಕುವುದಲ್ಲ, ಬರೆಯುವುದು ಎಂದು ಒಬ್ಬಳು ಹೇಳಿದಳು. ಅವಳ ಮಾತು ಸುಳ್ಳಲ್ಲ. ಅದಕ್ಕೇ ಇಲ್ಲಿ, ಊರಿನ ಹೆಸರಿಲ್ಲದೆ, ಬರೆಯುತ್ತಿದ್ದೇನೆ.

ಪರಿಚಯದ ಒಬ್ಬರು ಪಶುವೈದ್ಯರು ರಜೆಯ ದಿನ ಬಂದರು. 37ಕ್ಕೂ ಹುಚ್ಚು ನಾಯಿ ರೋಗದ ಲಸಿಕೆ ಆಯಿತು. ಸರಪಳಿ ಉದ್ದವಾಯಿತು. ತಗಡು ಅಡ್ಡ ಹಾಕಿ ಗಂಡು ಹೆಣ್ಣು ಬೇರೆ ಮಾಡಿದೆವು, ಹೊಸದಾಗಿ ಬಂದವಕ್ಕೆ ಹಳೇ ಬಚ್ಚಲು ಕೊಟ್ಟಿಗೆ. ಆಪರೇಶನ್ ಇನ್ನೂ ಆಗಿಲ್ಲ. 200 ಪುಟದ ಒಂದು ಉದ್ದ ಪುಸ್ತಕ ತಂದುಕೊಟ್ಟಿದ್ದೇನೆ. ಬಂದ ದಿನ, ತಂದವರು, ಬಣ್ಣ, ಗುರುತು, ಲಸಿಕೆ, ಸತ್ತ ದಿನ. ತಂದವರ ಕಾಲಂನಲ್ಲಿ ಹೆಚ್ಚಾಗಿ 'ಗೋಣಿ' ಎಂದೇ ಬರೆದಿದೆ.

ಇನ್ನೊಂದು ಕೆಲಸ ಮಾಡಿದೆ. ಬಸ್ ನಿಲ್ದಾಣದ ನಾಯಿ ಸಾಗಿಸಿದ ಖರ್ಚಿನ ವಿವರ ಕೊಡಿ ಎಂದು ಆ ಪಂಚಾಯತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ. 26ನೇ ದಿನ ಉತ್ತರ ಬಂತು, ಒಂದು ವೋಚರಿನ ನಕಲು. ನಾಯಿ ಎಂಬ ಶಬ್ದ ಅದರಲ್ಲಿ ಎಲ್ಲಿಯೂ ಇಲ್ಲ. 'ಬಸ್ ನಿಲ್ದಾಣ ಸ್ವಚ್ಛತೆ, ವಾಹನ ಬಾಡಿಗೆ' ಎಂದಿತ್ತು. ಅದರ ಕೆಳಗೆ ಲಗತ್ತು ಎಂದು ನನ್ನ ಫಲಶ್ರುತಿಯ ಪೇಪರ್ ಕಟಿಂಗ್.