ಹದಿನೆಂಟನೇ ತಾರೀಖಿನ ಮಳೆ

ಮಳೆ ಲೆಕ್ಕದ ಪುಸ್ತಕದಲ್ಲಿ ದಿನ ಶುರುವಾಗುವುದು ಬೆಳಗ್ಗೆ ಎಂಟೂವರೆಗೆ. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆಯವರೆಗೆ ಬಿದ್ದ ನೀರನ್ನು ಅಳೆದು ಇವತ್ತಿನ ತಾರೀಖಿಗೆ ಬರೆಯುತ್ತಾರೆ. ದೇಶಕ್ಕೆಲ್ಲ ಇದೇ ಪದ್ಧತಿ. ಹಾಗಾಗಿ ಅಕ್ಟೋಬರ್ 18ರ ಕಾಲಂನಲ್ಲಿರುವ ಮಳೆ ಬಹುಪಾಲು 17ರ ಸಂಜೆಯದು. ಚಾಮರಾಜನಗರಕ್ಕೆ ಕೂಗಳತೆಯಲ್ಲಿರುವ ನಮ್ಮ ಹರದನಹಳ್ಳಿ ಸೀಮೆಗೆ ಈ ಕಾಲದಲ್ಲಿ ಮಳೆ ಬರುವುದೇ ಸಂಜೆ. ಮಧ್ಯಾಹ್ನದವರೆಗೆ ಬಿಸಿಲು ಚುರುಗುಟ್ಟಬೇಕು, ಮೂರರ ಹೊತ್ತಿಗೆ ಬಿಳಿಗಿರಿರಂಗನ ಬೆಟ್ಟದ ತಲೆಯ ಮೇಲೆ ಮೋಡ ಎದ್ದು ನಿಲ್ಲಬೇಕು, ದೀಪ ಹಚ್ಚುವ ವೇಳೆಗೆ ಗುಡುಗಿನ ಜೊತೆ ಸುರಿದು, ಊಟ ಮುಗಿಯುವಷ್ಟರಲ್ಲಿ ನಿಂತುಬಿಡಬೇಕು. ಬೆಳಗ್ಗೆ ಗುಮಾಸ್ತ ಬಂದು ಮಳೆಮಾಪಕದ ಬಾಯಲ್ಲಿ ಸಿಕ್ಕ ಬೇವಿನ ಎಲೆ ತೆಗೆದು, ಒಳಗಿನ ನೀರನ್ನು ಗಾಜಿನ ಅಳತೆ ಜಾಡಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡುವಾಗ ಆಕಾಶ ತೊಳೆದಿಟ್ಟ ಹಾಗಿರುತ್ತದೆ.

17 ಸಾಮಾನ್ಯವಾಗಿ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ. ಸರ್ಕಾರಿ ಲೆಕ್ಕದಲ್ಲಿ ಆ ಪುಣ್ಯದಿನದ ಮಳೆಯೆಲ್ಲ ಮಾರನೇ ದಿನಕ್ಕೆ ಜಮೆ. ಅದಕ್ಕೇ ನನಗೆ 18ರ ಮೇಲೆ ಕಣ್ಣು. ಇನ್ನೊಂದು ಕಾರಣವೂ ಇದೆ. ಮುಂಗಾರು ಮಾರುತ ನಮ್ಮ ರಾಜ್ಯ ಬಿಟ್ಟು ಹೊರಡುವುದು ಹೆಚ್ಚುಕಮ್ಮಿ ಅಕ್ಟೋಬರ್ ಮಧ್ಯದಲ್ಲಿ. ಈಶಾನ್ಯದ ಹಿಂಗಾರು ದಕ್ಷಿಣಕ್ಕೆ ಕಾಲಿಡುವುದು 20ರ ಸುಮಾರಿಗೆ. ನಡುವಿನ 18ರಂದು ಸುರಿಯುವ ಮಳೆಯನ್ನು ಯಾರ ಖಾತೆಗೆ ಬರೆಯಬೇಕೋ ಮೋಡಕ್ಕೇ ಗೊತ್ತಿರಲಾರದು. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ನಮಗೆ ಜುಲೈ ಅಂದರೆ ಬರೀ ಗಾಳಿ. ಕೊಡಗು, ವಯನಾಡು ನೆನೆದು ತೊಪ್ಪೆಯಾದಾಗಲೂ ಇಲ್ಲಿ ಧೂಳು ಏಳುತ್ತಿರುತ್ತದೆ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮಗೆ ಏಳುನೂರು ಎಂಟುನೂರು, ಅದರಲ್ಲಿ ದೊಡ್ಡ ಪಾಲು ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಒಮ್ಮೆ.

ತಾರೀಖು ಹಿಡಿದು ಹಿಂದಕ್ಕೆ ಹೋದರೆ ಹಬ್ಬಗಳು ಜಾಗ ಬದಲಿಸುತ್ತವೆ. 2017ರ ಅಕ್ಟೋಬರ್ 18 ನರಕ ಚತುರ್ದಶಿ, ಎಣ್ಣೆಸ್ನಾನದ ದಿನ. ಮರುವರ್ಷ ಅದೇ ತಾರೀಖು ಆಯುಧಪೂಜೆ, ಟ್ರ್ಯಾಕ್ಟರಿಗೆ ಬಾಳೆಕಂದು ಕಟ್ಟಿದ ದಿನ. ಮಳೆ ನಕ್ಷತ್ರ ಮಾತ್ರ ಕದಲುವುದಿಲ್ಲ. ಹಬ್ಬಕ್ಕೆ ಚಂದ್ರನ ಲೆಕ್ಕ, ಮಳೆಗೆ ಸೂರ್ಯನ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನಾದ್ದರಿಂದ ಅಕ್ಟೋಬರ್ 18 ಯಾವ ವರ್ಷವಾದರೂ ಚಿತ್ತೆಯ ಮಳೆಯೇ. ಪಂಚಾಂಗ ನೋಡದ ಅಜ್ಜಿಯೂ ಹವಾಮಾನ ಇಲಾಖೆಯೂ ಕೈಕುಲುಕಬಹುದಾದ ಜಾಗ ಇದೊಂದೇ ಅನಿಸುತ್ತದೆ.

ಚಿತ್ತೆಗೆ ಜನ ಕುರುಡು ಚಿತ್ತೆ ಅನ್ನುತ್ತಾರೆ. ಈ ಊರಿಗೆ ಹೊಯ್ದು ಪಕ್ಕದೂರಿಗೆ ಒಂದು ಹನಿ ಹಾಕದ ಮಳೆ. ಇಂಥದಕ್ಕೆ ಸರಾಸರಿ ತೆಗೆಯುವುದು ತಮಾಷೆಯ ಕೆಲಸ. ಲೆಕ್ಕಕ್ಕೆ ಹೇಳುತ್ತೇನೆ, ಹತ್ತು ವರ್ಷದಲ್ಲಿ ಒಂದು ವರ್ಷ 60 ಮಿಲಿಮೀಟರ್ ಸುರಿದು ಉಳಿದ ಒಂಬತ್ತು ವರ್ಷ ಒಣಗಿದ್ದರೆ ಸರಾಸರಿ ಆರು. ಆ ಆರು ಮಿಲಿಮೀಟರ್ ಯಾವ ವರ್ಷವೂ ಬಿದ್ದಿಲ್ಲ. ಆದರೂ ಅದೇ ವಾಡಿಕೆ ಮಳೆ. ಎರಡೂವರೆ ಮಿಲಿಮೀಟರ್ ಆದರೆ ಅದು ಮಳೆಯ ದಿನ, ಅದಕ್ಕೆ ಕಮ್ಮಿಯಾದರೆ ಒಣಹವೆಯ ಲೆಕ್ಕ, ನೀವು ನೆನೆದು ಮನೆಗೆ ಬಂದಿದ್ದರೂ.

ನಮ್ಮ ಬೀದಿಯ ದೊಡ್ಡಪ್ಪನ ಮಳೆಮಾಪಕ ಬೇರೆ.

“ರಾತ್ರ ಎಷ್ಟು ಹೊಯ್ತು ದೊಡ್ಡಪ್ಪ?”

“ಹಿತ್ತಲ ಒಳಕಲ್ಲು ತುಂಬದ ಕನ ಮಗ.”

ಒಳಕಲ್ಲಿನ ಬಾಯಿ ಅಗಲ, ತಳ ಕಿರಿದು. ಸ್ವಲ್ಪ ಮಳೆಗೇ ಕೈಯಷ್ಟು ಆಳ ನೀರು ಕಾಣುತ್ತದೆ, ಮನಸ್ಸಿಗೆ ಖುಷಿ. ನಗಬೇಡಿ, ಕೌಟಿಲ್ಯನೂ ಕೋಷ್ಠಾಗಾರದ ಮುಂದೆ ಒಂದು ಮೊಳ ಅಗಲದ ಕುಂಡ ಇಟ್ಟು ಮಳೆ ಅಳೆಯಲು ಹೇಳಿದವನೇ. ಆಮೇಲೆ ದೊಡ್ಡಪ್ಪ ಹೊಲಕ್ಕೆ ಹೋಗಿ ಹೆಬ್ಬೆರಳಲ್ಲಿ ಮಣ್ಣು ಕೆದಕುತ್ತಾರೆ. ಮೇಲಿನ ತೇವ ಒಳಗಿನ ತೇವಕ್ಕೆ ಕೂಡಿದ್ದರೆ ಹದ ಮಳೆ. ನಡುವೆ ಒಣಮಣ್ಣಿನ ಪಟ್ಟಿ ಉಳಿದಿದ್ದರೆ ಸುಮ್ಮನೆ ಧೂಳು ಅಡಗಿಸಿದ ಮಳೆ. 25 ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು ಎಂದು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ನಿಂತದ್ದೆಷ್ಟು, ಹರ್ದೋದದ್ದೆಷ್ಟು?” ಅದನ್ನು ಜಾಡಿ ಹೇಳುವುದಿಲ್ಲ.

ಪುಸ್ತಕ ಎಷ್ಟು ಹಿಂದಕ್ಕೆ ಹೋದೀತು? ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಮಳೆ ಕೈಕೊಟ್ಟಿತು. ನಮ್ಮವರು ಇಂದಿಗೂ ಧಾತು-ಈಶ್ವರ ಬರ ಅನ್ನುವುದು ಅದನ್ನೇ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿದ್ದರು. 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ದಿನದಿನದ ಹವೆ ಬರೆದಿಡುವ ಏರ್ಪಾಡಾಯಿತು. ಅದಕ್ಕೂ ಹಿಂದಿನದಕ್ಕೆ ಶಾಸನಗಳನ್ನು ನೋಡಿದರೆ ಸಂವತ್ಸರ, ಮಾಸ, ತಿಥಿ, ವಾರ ಎಲ್ಲ ಸಿಗುತ್ತವೆ, ದಾನ ಕೊಟ್ಟ ಗದ್ದೆಯ ಎಲ್ಲೆ ಸಿಗುತ್ತದೆ; ಅವತ್ತು ಮೋಡವಿತ್ತೇ ಎಂದು ಕೇಳಬಾರದು. ನಮ್ಮ ದಿವ್ಯಲಿಂಗೇಶ್ವರನ ಗುಡಿಯ ಕಲ್ಲುಗಳು ಎಷ್ಟು ಚಿತ್ತೆ ಕುಡಿದಿವೆಯೋ!

ಊರವರಿಗೆ ಈ 18ನೇ ತಾರೀಖು ನೆನಪಿರುವುದು ಬೇರೆ ಕಾರಣಕ್ಕೆ. 2000ದ ಅಕ್ಟೋಬರ್ 18ರಂದು ನಟ ರಾಜ್‌ಕುಮಾರ್ ಕಾಡಿನಲ್ಲಿದ್ದರು. ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ಗಡಿಯಾಚೆಯ ಗಾಜನೂರಿನಿಂದ ಅವರನ್ನು ಹೊತ್ತೊಯ್ದು ಎಂಬತ್ತು ದಿನವಾಗಿತ್ತು, ಬಿಡುಗಡೆಗೆ ಇನ್ನೂ ಇಪ್ಪತ್ತೆಂಟು ದಿನ. ಆ ಸಲದ ಚಿತ್ತೆಯಲ್ಲಿ ಸಂಜೆ ಗುಡುಗಿದರೆ ಹೆಂಗಸರು ಬೆಟ್ಟದ ಕಡೆ ನೋಡಿ, ಅಣ್ಣಾವ್ರು ಎಲ್ಲಿ ನೆನೀತಾವ್ರೋ ಎಂದು ಮರುಗುವರು. ನಾಲ್ಕು ವರ್ಷದ ಮೇಲೆ, 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಹತ್ತಿರ ವೀರಪ್ಪನ್ ಗುಂಡಿಗೆ ಬಲಿಯಾದ. ಆ ರಾತ್ರಿ ಎಲ್ಲಿ ಮಳೆ ಬಿದ್ದಿದ್ದರೂ ಅದು 19ರ ಲೆಕ್ಕ. ಪೇಪರಿನವರೂ ಸುದ್ದಿ ಹಾಕಿದ್ದು 19ಕ್ಕೇ.

ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ಅಳೆದು ಬೆಂಗಳೂರಿಗೆ ಕಳಿಸುವ ಮಾಪಕಗಳಿವೆ, ಕಾಲು ಗಂಟೆಗೊಂದು ಲೆಕ್ಕ. ಕುರುಡು ಚಿತ್ತೆಯ ಬೆನ್ನು ಹತ್ತಲು ಇದೇ ಸರಿ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರುವಾಗ ಇಂಥ ಅಂಕಿಗಳಿಗೆ ಬೆಲೆ ಬಂತು. ಆದರೆ ಎಷ್ಟು ಬಿತ್ತು ಎಂದು ತಿಳಿದ ಮೇಲೂ ಒಳ್ಳೆಯದಾಯಿತೇ ಎಂಬ ಪ್ರಶ್ನೆ ಉಳಿಯುತ್ತದೆ. 18ರ ಹೊತ್ತಿಗೆ ಎರೆಭೂಮಿಯವರು ಕಡಲೆ ಬಿತ್ತಲು ಬೀಜ ಇಟ್ಟುಕೊಂಡು ಮುಗಿಲು ನೋಡುತ್ತಿರುತ್ತಾರೆ. ಮುಂಚೆ ಬಿತ್ತಿದ ರಾಗಿ ತೆನೆ ಬಲಿತು ತಲೆ ಬಾಗಿಸಿರುತ್ತದೆ. ಜೋರು ಮಳೆಗೆ ಮಲಗಿದರೆ ತೆನೆಯಲ್ಲೇ ಮೊಳಕೆ. ಅರಿಶಿನದ ಮಡಿಯಲ್ಲಿ ನೀರು ನಿಂತರೆ ಗೆಡ್ಡೆ ಕೊಳೆ. ದೊಡ್ಡಪ್ಪನಿಗೆ ಎರಡು ಹೊಲ. ಕಡಲೆ ಹೊಲಕ್ಕೆ ಚೆನ್ನಾಗಿ ಹೊಯ್ಯಲಿ, ರಾಗಿ ಹೊಲ ಬಿಟ್ಟು ಹೋಗಲಿ ಎಂಬುದು ಅವರ ಹರಕೆ. ಎರಡು ಹೊಲಕ್ಕೂ ನಡುವೆ ಇರುವುದು ಒಂದು ಗಾಡಿದಾರಿ.