ಉಸಿರು ಕಟ್ಟಬೇಡ

ಹನಗೋಡಿನ ಅಣೆಕಟ್ಟೆಯ ಬಳಿ ಲಕ್ಷ್ಮಣತೀರ್ಥದಲ್ಲಿ ನಾನು ಈಜು ಕಲಿತವನು. ಮಾವ ಬೆನ್ನಿಗೆ ಬೆಂಡು ಕಟ್ಟಿ ನೀರಿಗೆ ತಳ್ಳಿದ್ದೇ ಪಾಠ. ಮುಳುಗಿ ಹೆಚ್ಚು ಹೊತ್ತು ಉಸಿರು ಕಟ್ಟಿದವನೇ ನಮ್ಮಲ್ಲಿ ಗಟ್ಟಿಗ.

ಆ ಜಂಬದಲ್ಲೇ ಮುರುಡೇಶ್ವರದಿಂದ ದೋಣಿ ಹತ್ತಿ, ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋದೆ. "ಈಜು ಬರುತ್ತಾ?" ಎಂದರು ತರಬೇತುದಾರರು. "15 ವರ್ಷದ ಅನುಭವ ಸಾರ್" ಎಂದೆ. "ಹಾಗಾದ್ರೆ ಮರೆಯೋದು ಜಾಸ್ತಿ ಇದೆ" ಎಂದು ನಕ್ಕರು.

10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಸಿಲಿಂಡರಿನಿಂದ ಎಳೆದ ಉಸಿರನ್ನು ಕಟ್ಟಿಕೊಂಡೇ ಮೇಲೆ ಬಂದರೆ, ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ನದಿಯಲ್ಲಿ ಮುಳುಗುವವನು ದಡದ ಗಾಳಿಯನ್ನೇ ಒಯ್ದು ವಾಪಸ್ ತರುತ್ತಾನೆ. ಅವನಿಗೆ ಆ ಭಯವಿಲ್ಲ.

ಇದನ್ನೆಲ್ಲ ದೋಣಿಯಲ್ಲೇ ಕೇಳಿ ತಲೆಯಾಡಿಸಿದ್ದೆ. ಕೆಳಗೆ ಮಾಸ್ಕಿನೊಳಗೆ ನೀರು ನುಗ್ಗಿದಾಗ ಮೈ ತನಗೆ ಗೊತ್ತಿದ್ದನ್ನೇ ಮಾಡಿತು: ಉಸಿರು ಕಟ್ಟಿ ಮೇಲಕ್ಕೆ ಚಿಮ್ಮಲು ಹೋದೆ. ಅವರು ತೋಳು ಹಿಡಿದು ನಿಲ್ಲಿಸಿ, ಉಸಿರು ಬಿಡುವಂತೆ ಸನ್ನೆ ಮಾಡಿದರು. ಗುಳ್ಳೆಗಳು ಹೊರಟವು.

ಅನುಭವ ನನಗೆ ಧೈರ್ಯ ಕೊಟ್ಟಿತ್ತು. ತಪ್ಪನ್ನೂ ಅಷ್ಟೇ ಗಟ್ಟಿ ಮಾಡಿತ್ತು. ಅದನ್ನು ಬಿಡಿಸಲು ಒಂದು ಮಾತು ಸಾಲದು. ತಿಳಿದವರ ಕಣ್ಣೆದುರು, ತಗ್ಗು ನೀರಿನಲ್ಲಿ, ಮತ್ತೆ ಮತ್ತೆ ಮಾಡಬೇಕು.

ಊರಿಗೆ ಹೋದಾಗ ಅಣೆಕಟ್ಟೆಯಿಂದ ಹಾರುವ ಹುಡುಗರನ್ನು ಕೇಳುತ್ತೇನೆ, "ಯಾರ್ರೋ ಕಲಿಸಿದ್ದು?"

"ನಾವೇ ಕಲ್ತ್ವಿ ಅಣ್ಣ" ಅನ್ನುತ್ತಾರೆ, ಅದೇ ಜಂಬದಲ್ಲಿ.