ಢಾಕ್ ರೆಕಾರ್ಡ್ ಮಾಡಲು ಹೋಗಿ...

ದುರ್ಗಾಪೂಜೆಯ ಪಂಚಮಿಯ ದಿನ ಬೆಳಿಗ್ಗೆ ನೀವೇನಾದರೂ ಸಿಯಾಲ್ದಾ ಸ್ಟೇಷನ್ನಿನಿಂದ ಹೊರಗೆ ಬಂದರೆ, ಪಕ್ಕದವರು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಲಾಲ್‌ಗೋಲಾ, ಕೃಷ್ಣನಗರ ಕಡೆಯ ರೈಲುಗಳಿಂದ ಇಳಿದ ಢಾಕಿಗಳು ಸ್ಟೇಷನ್ನಿನ ಎದುರು ಗುಂಪು ಗುಂಪಾಗಿ ನಿಂತು ಬಾರಿಸುತ್ತಿರುತ್ತಾರೆ. ದೇವರಿಗಲ್ಲ, ಗಿರಾಕಿಗೆ. ಪೂಜಾ ಕಮಿಟಿಯವರು ಬಂದು ಎರಡು ನಿಮಿಷ ಕೇಳಿ, ತಲೆ ಅಲ್ಲಾಡಿಸಿ, ಚೌಕಾಸಿ ಮಾಡಿ, ಟೆಂಪೋದಲ್ಲಿ ಹತ್ತಿಸಿಕೊಂಡು ಹೋಗುತ್ತಾರೆ. ಸಂಜೆಯಾದರೂ ಯಾರೂ ಕರೆಯದವರು ಅಲ್ಲೇ ಢಾಕಿಗೆ ಒರಗಿ ಕೂತಿರುತ್ತಾರೆ. ಮೊದಲ ಸಲ ನೋಡಿದಾಗ ನನಗೆ ನಮ್ಮ ಕುಂದಾಪುರದ ಸಂತೆ ನೆನಪಾಗಿತ್ತು. ಆದರೆ ಸಂತೆಯಲ್ಲಿ ಮಾರುವವನೇ ಮಾಲು ಆಗಿರುವುದಿಲ್ಲವಲ್ಲ.

ಢಾಕ್ ಅಂದರೆ ಮಾವಿನ ಮರದ ದೊಡ್ಡ ಪೀಪಾಯಿಯಂಥ ವಾದ್ಯ. ಹೆಗಲಿಗೆ ನೇತು ಹಾಕಿ, ಒಂದೇ ಬದಿಯ ಮುಚ್ಚಿಗೆಗೆ ಎರಡು ಸಪೂರ ಕೋಲುಗಳಿಂದ ಹೊಡೆಯುವುದು. ಮೇಲೆ ಬಿಳಿ ಗರಿಗಳ ಅಲಂಕಾರ. ಜೊತೆಗೆ ಒಬ್ಬ ಹುಡುಗ, ಹೆಚ್ಚಾಗಿ ಮಗನೋ ತಮ್ಮನ ಮಗನೋ, ಕಂಚಿನ ಜಾಗಟೆ ಬಡಿಯುತ್ತಾನೆ. ಅದಕ್ಕೆ ಇಲ್ಲಿ ಕಾಂಶಿ ಅನ್ನುತ್ತಾರೆ.

ನಾನು ಈ ಊರಿಗೆ ಬಂದದ್ದು 1996ರಲ್ಲಿ, ಬ್ಯಾಂಕಿನ ಟ್ರಾನ್ಸ್‌ಫರ್ ಮೇಲೆ. ಮೂರು ವರ್ಷ ಅಂದಿದ್ದರು. ಮಗಳ ಶಾಲೆ, ಹೆಂಡತಿಯ ಕೆಲಸ, ಆಮೇಲೆ ಫ್ಲ್ಯಾಟಿನ ಸಾಲ ಅಂತ ಇಲ್ಲೇ ಬೇರುಬಿಟ್ಟೆವು. ಬಿಕಾಂ ಓದಿ ಬ್ಯಾಂಕಿನಲ್ಲಿದ್ದೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಓಣಿಯ ಪೂಜಾ ಕಮಿಟಿಯ ಖಜಾಂಚಿಗಿರಿ ನನ್ನ ಕೊರಳಿಗೆ ಬಿತ್ತು. ಪ್ರತಿ ವರ್ಷ ಸಿಯಾಲ್ದಾಕ್ಕೆ ಹೋಗಿ ಢಾಕಿಯನ್ನು ಕರೆತರುವ ಕೆಲಸವೂ ನನ್ನದೇ. ಮುರ್ಷಿದಾಬಾದ್ ಕಡೆಯ ಒಬ್ಬ ಢಾಕಿ ಹತ್ತು ಹನ್ನೆರಡು ವರ್ಷಗಳಿಂದ ನಮ್ಮಲ್ಲೇ ಬಾರಿಸುತ್ತಿದ್ದಾನೆ. ನನಗೆ ಅವನು ದಾದಾ, ಅವನಿಗೆ ನಾನು ಮ್ಯಾನೇಜರ್‌ಬಾಬು.

ಅವನ ಕೈಯೇ ಬೇರೆ ಮಾರಾಯ್ರೆ. ಬಡಗುತಿಟ್ಟಿನ ಆಟ ನೋಡಿ ಬೆಳೆದವನು ನಾನು, ಚೆಂಡೆಯ ಪೆಟ್ಟಿಗೆ ಸುಲಭವಾಗಿ ಮರುಳಾಗುವವನಲ್ಲ. ಇವನ ಸಂಧಿಪೂಜೆಯ ಬಾರಿಸುವಿಕೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. 2022ರಲ್ಲಿ ಅದನ್ನು ಫೋನಿನಲ್ಲಿ ಹಿಡಿದು ಬೆಂಗಳೂರಿನಲ್ಲಿರುವ ಮಗಳಿಗೆ ಕಳಿಸಿದೆ. "ಅಪ್ಪಾ, ಇದು ಢಾಕಾ, ಮಿಕ್ಸಿಯಾ?" ಅಂತ ಉತ್ತರ ಬಂತು. ಕೇಳಿ ನೋಡಿದೆ, ಅವಳು ಹೇಳಿದ್ದು ಸರಿ. ಬರೀ ಗರಗರ.

ಹೀಗೆ ಮೈಕಿನ ಹುಚ್ಚು ಹಿಡಿಯಿತು.

ಚಾಂದನಿ ಮಾರ್ಕೆಟ್ಟಿಗೆ ಹೋಗಿ "ಢಾಕ್ ರೆಕಾರ್ಡ್ ಮಾಡಲು ಕಂಡೆನ್ಸರ್ ಮೈಕ್ ಬೇಕು" ಅಂದರೆ ಅಂಗಡಿಯ ಹುಡುಗ ನಕ್ಕ. ಡೈನಮಿಕ್ ತಗೊಳ್ಳಿ, ಅದನ್ನು ನೆಲಕ್ಕೆ ಬೀಳಿಸಿದರೂ ಏನೂ ಆಗುವುದಿಲ್ಲ ಅಂದ. ಅವನು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು ಅಂತ ಆಮೇಲೆ ಗೊತ್ತಾಯಿತು. ಡೈನಮಿಕ್ ಮೈಕಿನಲ್ಲಿ ಪೊರೆಗೆ ತಾಮ್ರದ ತಂತಿಯ ಸುರುಳಿ ಅಂಟಿರುತ್ತದೆ. ಆ ಭಾರ ಹೊತ್ತು ಅದು ಅಲುಗಬೇಕು. 1965ರಿಂದ ಪ್ರಪಂಚದ ಡ್ರಮ್ಮುಗಳ ಮುಂದೆಲ್ಲ ನಿಂತಿರುವ ಶ್ಯೂರ್ ಎಸ್ಎಂ57 ಈ ಜಾತಿಯದು. ಎಷ್ಟು ಗದ್ದಲವನ್ನಾದರೂ ತಡೆದುಕೊಳ್ಳುತ್ತದೆ. ಕಂಡೆನ್ಸರ್‌ನಲ್ಲಿ ಸುರುಳಿ ಇಲ್ಲ. ಕೂದಲಿಗಿಂತ ತೆಳುವಾದ ಲೋಹಲೇಪಿತ ಪೊರೆ, ಅದರ ಹಿಂದೆ ಕೂದಲೆಳೆ ತೂರದಷ್ಟು ಸಂದಿ ಬಿಟ್ಟು ಒಂದು ತಟ್ಟೆ, ಅಷ್ಟೆ. ಶಬ್ದಕ್ಕೆ ಪೊರೆ ಅಲುಗಿದರೆ ಸಂದಿ ಹೆಚ್ಚುಕಮ್ಮಿಯಾಗುತ್ತದೆ, ಅದೇ ವಿದ್ಯುತ್ ಸಂಕೇತವಾಗುತ್ತದೆ. 1916ರಲ್ಲಿ ಅಮೆರಿಕದ ವೆಂಟೆ ಎಂಬವರು ಮಾಡಿದ ಉಪಾಯ. ಪೊರೆ ಹಗುರ, ಹಾಗಾಗಿ ಕೋಲು ಚರ್ಮಕ್ಕೆ ತಾಗುವ ಆ 'ಟಕ್' ಇದೆಯಲ್ಲ, ಅದು ಇದರಲ್ಲಿ ಬರುವ ಹಾಗೆ ಅದರಲ್ಲಿ ಬರುವುದಿಲ್ಲ. ಇದಕ್ಕೆ ಕೇಬಲ್ಲಿನ ಮೂಲಕವೇ 48 ವೋಲ್ಟ್ ಕೊಡಬೇಕು. ಅಂದ ಹಾಗೆ, ಅಷ್ಟಮಿಯ ಕೊನೆಯ 24 ನಿಮಿಷ, ನವಮಿಯ ಮೊದಲ 24 ನಿಮಿಷ ಸೇರಿದ ಸಂಧಿಪೂಜೆಯ ಕಾಲವೂ 48 ನಿಮಿಷ. ಇದರಲ್ಲಿ ಅರ್ಥವೇನೂ ಇಲ್ಲ, ಬ್ಯಾಂಕಿನವನ ಕಣ್ಣಿಗೆ ಬಿತ್ತು ಅಷ್ಟೆ :)

ಮೈಕಿನ ಸ್ಪೆಸಿಫಿಕೇಷನ್ ಹಾಳೆಯನ್ನು ನಾನು ಬ್ಯಾಲೆನ್ಸ್ ಶೀಟಿನ ಹಾಗೆ ಓದಿದೆ. ನೋಡಬೇಕಾದ ಅಂಕಿ ಎರಡೇ. ಮೈಕ್ ತಾನೇ ಮಾಡುವ ಸಣ್ಣ ಸುಯ್ ಸದ್ದು ಎಷ್ಟು, ಗರಿಷ್ಠ ಎಷ್ಟು ಶಬ್ದ ತಡೆಯುತ್ತದೆ. ಎರಡನೆಯದು ಓವರ್‌ಡ್ರಾಫ್ಟ್ ಮಿತಿ ಇದ್ದ ಹಾಗೆ, ದಾಟಿದರೆ ಮುಗಿಯಿತು. ರೋಡ್ ಎನ್‌ಟಿ1-ಎ ಎಂಬ ದೊಡ್ಡ ಪೊರೆಯ ಮೈಕಿನ ಸ್ವಂತ ಸದ್ದು ಬರೀ 5 ಡೆಸಿಬೆಲ್, ಮಿತಿ 137. ಆಡಿಯೋ ಟೆಕ್ನಿಕಾ ಎಟಿ2020ರ ಸ್ವಂತ ಸದ್ದು 20, ಆದರೆ ಮಿತಿ 144. ಪಿಸುಮಾತು ಹಿಡಿಯುವವನಿಗೆ ಮೊದಲನೆಯದು. ಢಾಕಿನ ಮುಂದೆ ಆ ಸುಯ್ ಸದ್ದು ಯಾರಿಗೆ ಕೇಳಬೇಕು? ನಾನು ಎಲ್ಲರ ಮಾತು ಕೇಳಿ ದೊಡ್ಡ ಪೊರೆಯದು ತರುವವನಿದ್ದೆ. ಚುರುಕು ಪೆಟ್ಟಿಗೆ ಸಣ್ಣ ಪೊರೆಯೇ ಚುರುಕು ಅಂತ ಓದಿದ ಮೇಲೆ ಮನಸ್ಸು ಬದಲಾಯಿಸಿ, ಒಂದು ಜೊತೆ ಎನ್‌ಟಿ5 ಸೆಕೆಂಡ್‌ಹ್ಯಾಂಡ್ ತಂದೆ. ಮಿತಿ 143. ಈಗ 32-ಬಿಟ್ ಫ್ಲೋಟ್ ರೆಕಾರ್ಡರುಗಳು ಬಂದಿವೆ, ಲೆವೆಲ್ ನೋಡುವ ತಲೆಬಿಸಿಯೇ ಇಲ್ಲ ಅನ್ನುತ್ತಾರೆ. ರೆಕಾರ್ಡರಿಗೆ ಇಲ್ಲ, ಸರಿ. ಮೈಕೇ ಮಿತಿ ದಾಟಿ ಒಡೆದ ಧ್ವನಿಯನ್ನು ಯಾವ ರೆಕಾರ್ಡರೂ ಸರಿ ಮಾಡುವುದಿಲ್ಲ.

2023ರ ಷಷ್ಠಿಯ ಸಂಜೆ ಜಂಬದಿಂದ ಅದನ್ನು ಪೆಂಡಾಲಿನಲ್ಲಿ ದಾದಾನ ಮುಂದೆ ನಿಲ್ಲಿಸಿ ಲೌಡ್‌ಸ್ಪೀಕರಿಗೆ ಕೊಟ್ಟೆ. 'ಕೂಂ...' ಅಂತ ಸ್ಪೀಕರ್ ಕಿರುಚಿದ್ದಕ್ಕೆ ಪುರೋಹಿತರ ಮಂತ್ರ ನಿಂತುಹೋಯಿತು. ಕಂಡೆನ್ಸರ್ ಸ್ಪೀಕರಿನಿಂದ ಬಂದದ್ದನ್ನೂ ಅಷ್ಟೇ ಶ್ರದ್ಧೆಯಿಂದ ಎತ್ತಿಕೊಂಡು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಚಾಂದನಿಯ ಹುಡುಗ ಹೇಳಿದ್ದು ಇದಕ್ಕೆ! ಜನರ ಮುಂದೆ ಬಾರಿಸುವಾಗ ಹತ್ತಿರ ಇಡುವ ಡೈನಮಿಕ್, ರೆಕಾರ್ಡ್ ಮಾಡುವಾಗ ದೂರ ಇಡುವ ಕಂಡೆನ್ಸರ್. ಒಂದೇ ಮೈಕಿನಲ್ಲಿ ಎರಡೂ ಆಗಬೇಕು ಅನ್ನುವುದು ನನ್ನಂಥ ಜಿಪುಣರ ಆಸೆ.

ಮರುದಿನ ಸಪ್ತಮಿ. ಎಲ್ಲರೂ ಭೋಗ ಉಂಡು ಮಲಗಿದ ಹೊತ್ತಿನಲ್ಲಿ ದಾದಾನನ್ನೂ ಅವನ ಮಗನನ್ನೂ ನಮ್ಮ ತಾರಸಿಗೆ ಕರೆದೆ. ಮನೆಯೊಳಗೆ ಬೇಡ, ಗೋಡೆ ನೆಲಕ್ಕೆ ಬಡಿದು ಬಂದ ಸದ್ದೇ ಹೆಚ್ಚಾಗುತ್ತದೆ. ಹೊಡೆಯುವ ಮುಚ್ಚಿಗೆಯಿಂದ ನಾಲ್ಕಡಿ ದೂರದಲ್ಲಿ ಒಂದು ಮೈಕ್, ಸ್ವಲ್ಪ ಓರೆಯಾಗಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದ 6 ಡೆಸಿಬೆಲ್ ಇಳಿಯುತ್ತದೆ ಅನ್ನುವ ಲೆಕ್ಕ ಇಲ್ಲಿ ನೆರವಾಯಿತು. ಇನ್ನೊಂದು ಮೈಕ್ ಹಿಂಬದಿಯ ಮುಚ್ಚಿಗೆಯ ಕಡೆ, ಗುಂಯ್‌ಗುಡುವುದು ಬರಲಿ ಅಂತ. ಎರಡನ್ನೂ ಕೂಡಿಸಿ ಕೇಳಿದರೆ ಗುಂಯ್ ಮಾಯ! ಮುಂದಿನ ಮುಚ್ಚಿಗೆ ಒಳಕ್ಕೆ ಹೋಗುವಾಗ ಹಿಂದಿನದು ಹೊರಕ್ಕೆ ಬರುತ್ತದೆ. ಜಮೆ ಖರ್ಚು ಎರಡೂ ಒಂದನ್ನೊಂದು ಹೊಡೆದು ಹಾಕುತ್ತವೆ. ಕಂಪ್ಯೂಟರಿನಲ್ಲಿ ಒಂದನ್ನು ಉಲ್ಟಾ ಮಾಡಿದೆ ನೋಡಿ, ಢಾಕ್ ಎದ್ದು ಕೂತಿತು.

ಬಾರಿಸುವ ಮೊದಲು ದಾದಾ ಒಂದು ಮಾತು ಕೇಳಿದ್ದ. "ಬಾಬು, ಇದನ್ನು ಎಲ್ಲಿ ಹಾಕುತ್ತೀರಿ?" ಮನೆಗೆ, ಮಗಳಿಗೆ ಅಂದೆ. ಹಿಂದೆ ಒಂದು ಕಡೆ ಹೀಗೇ ಕ್ಯಾಸೆಟ್ಟಿನಲ್ಲಿ ಹಿಡಿದುಕೊಂಡರಂತೆ, ಮರುವರ್ಷ ಇವನನ್ನು ಕರೆಯಲಿಲ್ಲವಂತೆ. ಹೇಳಿ ನಕ್ಕ. ಬೋಧನದ್ದು, ಆರತಿಯದ್ದು, ಸಂಧಿಪೂಜೆಯದ್ದು ಬಾರಿಸಿದ. ವಿಸರ್ಜನೆಯದ್ದು ಅಂದಾಗ "ಅದು ದಶಮಿಗೆ" ಅಂತ ಢಾಕ್ ಕೆಳಗಿಟ್ಟ. ನಡುವೆ ಒಂದು ಕಡೆ ಹುಡುಗನಿಗೆ ಕೆಮ್ಮು ಬಂತು. ಅಷ್ಟು ಗದ್ದಲದ ಎರಡು ಪೆಟ್ಟಿನ ಸಂದಿಯಲ್ಲಿ ಆ ಕೆಮ್ಮನ್ನೂ ಮೈಕ್ ಹಿಡಿದಿತ್ತು. ಅಳಿಸಬಹುದಿತ್ತು. ಮನಸ್ಸಾಗಲಿಲ್ಲ.

ಮಗಳಿಗೆ ಕಳಿಸಿದೆ, ಖುಷಿಪಟ್ಟಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಹೊಗಳಿಕೆಯ ಆಸೆ ನೋಡಿ, ವಿಜಯದಶಮಿಯ ಶುಭಾಶಯದ ಜೊತೆ ಓಣಿಯ ವಾಟ್ಸಾಪ್ ಗ್ರೂಪಿಗೂ ಹಾಕಿಬಿಟ್ಟೆ. "ದಾರುಣ್!" "ಅಶಾಧಾರಣ್!" ಅಂತ ಬಂದದ್ದೇ ಬಂದದ್ದು.

2024ರ ಪೂಜೆಯ ಮುಂಚಿನ ಮೀಟಿಂಗಿನಲ್ಲಿ ಸೆಕ್ರೆಟರಿ ಸಾಹೇಬರು ಹೇಳಿದರು, "ಮ್ಯಾನೇಜರ್‌ಬಾಬುವಿನ ರೆಕಾರ್ಡಿಂಗ್ ಇದೆಯಲ್ಲ, ಬೆಳಿಗ್ಗೆ ಸಂಜೆ ಅದನ್ನೇ ಹಾಕೋಣ. ಸಂಧಿಪೂಜೆಗೆ ಮಾತ್ರ ಒಬ್ಬನನ್ನು ಕರೆದರಾಯಿತು." ಉಳಿತಾಯದ ಪ್ರಸ್ತಾಪವನ್ನು ವಿರೋಧಿಸಿದ ಮೊದಲ ಖಜಾಂಚಿ ನಾನೇ ಇರಬೇಕು. ದಾದಾನಿಗೂ ಹುಡುಗನಿಗೂ ಸೇರಿ ನಾವು ಕೊಡುವುದು ಲೈಟಿಂಗ್ ಬಿಲ್ಲಿನ ಹತ್ತರಲ್ಲಿ ಒಂದು ಪಾಲೂ ಅಲ್ಲ. ಪುಸ್ತಕ ತೆರೆದು ಆ ಎರಡು ಸಾಲು ಓದಿದೆ. ಯಾರೂ ಮಾತಾಡಲಿಲ್ಲ. ಇಬ್ಬರೂ ಬಂದರು, ಎಂದಿನಂತೆ ಐದು ದಿನ ಬಾರಿಸಿದರು. ಕೋಲ್ಕತ್ತೆಯ ದುರ್ಗಾಪೂಜೆಗೆ 2021ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತೆಂದು ನಮ್ಮ ಬ್ಯಾನರಿನ ಮೇಲೆ ದೊಡ್ಡದಾಗಿ ಬರೆಸಿದ್ದೆವು. ಢಾಕಿ ಗೋಕುಲ್ ಚಂದ್ರ ದಾಸ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅದೇ ಸೆಕ್ರೆಟರಿ ಗ್ರೂಪಿನಲ್ಲಿ ಹೂಗುಚ್ಛದ ಚಿತ್ರ ಹಾಕಿದರು. ಇರಲಿ.

ನಮ್ಮ ಪೆಂಡಾಲಿನದೇನೋ ನನ್ನ ಕೈಯಲ್ಲಿತ್ತು. ವಾಟ್ಸಾಪಿಗೆ ಹಾಕಿದ್ದು ಯಾರ ಕೈಯಲ್ಲೂ ನಿಲ್ಲುವುದಿಲ್ಲ.

2025ರಲ್ಲಿ ಸೆಪ್ಟೆಂಬರ್ 23ರ ಮಹಾಮಳೆಗೆ ಊರೆಲ್ಲ ನೀರು ನಿಂತಿತ್ತು. ನಾಲ್ಕು ದಿನ ಬಿಟ್ಟು ಪಂಚಮಿ. ತೇವಕ್ಕೆ ಮೈಕಿನ ಪೊರೆ ಚರಚರ ಅನ್ನುತ್ತದೆಂದು ನಾನು ಅವೆರಡನ್ನೂ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟಿದ್ದೆ. ಸಿಯಾಲ್ದಾದಲ್ಲಿ ಢಾಕಿಗಳು ಮುಚ್ಚಿಗೆಗೆ ಪ್ಲಾಸ್ಟಿಕ್ ಸುತ್ತಿ ನಿಂತಿದ್ದರು. ದಾದಾ ಫ್ಲೈಓವರಿನ ಕಂಬದ ಹತ್ತಿರ ಕಾಯುತ್ತಿದ್ದ. ಹುಡುಗನಿಗೆ ಮೀಸೆ ಚಿಗುರಿತ್ತು. ಚಹಾ ಕುಡಿಯುತ್ತಾ ದಾದಾ ಹೇಳಿದ, "ಬಾಬು, ಬರುವಾಗ ಆಚೆ ಬೀದಿಯ ಪೆಂಡಾಲಿನಲ್ಲಿ ಮೈಕಿನಲ್ಲಿ ಢಾಕ್ ಹಾಕಿದ್ದರು. ನನ್ನ ಕೈ."

ಅದು ಹೇಗೆ ಗೊತ್ತಾಯಿತು, ಎಲ್ಲರೂ ಬಾರಿಸುವುದು ಅದನ್ನೇ ಅಲ್ಲವೇ ಅಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿತು.

"ನಡುವೆ ಇವನು ಕೆಮ್ಮುತ್ತಾನೆ" ಅಂತ ಮಗನನ್ನು ತೋರಿಸಿದ. ಹುಡುಗ ನಾಚಿಕೊಂಡು ಆ ಕಡೆ ತಿರುಗಿದ. "ಚೆನ್ನಾಗಿ ಬಂದಿದೆ ಬಾಬು. ಕೋಲು ತಾಗಿದ್ದೂ ಕೇಳುತ್ತದೆ."

ಆಮೇಲೆ ಅವನು ಈ ವರ್ಷದ ಮೊತ್ತ ಹೇಳಿದ. ಹೋದ ವರ್ಷಕ್ಕಿಂತ ಬಹಳ ಹೆಚ್ಚು. ಕಮಿಟಿ ಒಪ್ಪಿದ್ದಕ್ಕಿಂತ ಹೆಚ್ಚಾಗುವುದನ್ನು ನನ್ನ ಜೇಬಿನಿಂದ ಹಾಕುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಟೆಂಪೋದವನನ್ನು ಕರೆದೆ.